ರೈಟರಿಗೆ ಕೊಟ್ಟ ಅಧಿಕಾರ ಕಾಗದದ ಮೇಲಿದೆಯೇ?

ಸಕಲೇಶಪುರದ ಕಡೆ ತೋಟವಿದ್ದು ಬೆಂಗಳೂರಿನಲ್ಲಿ ನೆಲೆಸಿರುವ ಓದುಗರೊಬ್ಬರು ಕೇಳಿದ್ದಾರೆ: “ಹತ್ತು ವರ್ಷದಿಂದ ಮೆಣಸಿನ ಮಾರಾಟ ತೋಟದ ಲೆಕ್ಕ-ಉಸ್ತುವಾರಿ ನೋಡುವ ರೈಟರ್ ಕೈಯಲ್ಲೇ ಇದೆ. ಈ ಸಲ ಸಾಲಕ್ಕೆ ಕೊಡಬೇಡ ಎಂದು ಫೋನಿನಲ್ಲಿ ಹೇಳಿದ್ದೆ. ಕೊಟ್ಟ. ವ್ಯಾಪಾರಿ ಸತಾಯಿಸುತ್ತಿದ್ದಾನೆ. ನನ್ನ ಸಹಿಯಿಲ್ಲದ ಈ ಮಾರಾಟ ಊರ್ಜಿತವೇ? ಇಂಥವರನ್ನು ನಂಬುವುದು ಹೇಗೆ?”

ಹೌದು, ಊರ್ಜಿತವೇ. ಹತ್ತು ವರ್ಷ ಅವರು ಮಾರಿದ್ದಕ್ಕೆ ನೀವು ಹಣ ಪಡೆದಿರಿ. ಅವರಿಗೆ ಅಧಿಕಾರವಿದೆ ಎಂದು ವ್ಯಾಪಾರಿ ನಂಬಿದ್ದು ನಿಮ್ಮ ನಡವಳಿಕೆಯಿಂದ. ಫೋನಿನ ಕಟ್ಟಪ್ಪಣೆ ಆತನಿಗೆ ಗೊತ್ತಿರಲಿಲ್ಲ. 1872ರ ಕರಾರು ಕಾಯ್ದೆಯ 237ನೇ ಕಲಂ ಇಂಥಲ್ಲಿ ಧಣಿಯನ್ನೇ ಕಟ್ಟಿಹಾಕುತ್ತದೆ.

ನಿಮ್ಮ ಸಿಟ್ಟು ಸುಳ್ಳಲ್ಲ. ಮಾತು ಮೀರಿ ನಷ್ಟವಾದರೆ ರೈಟರ್ ತುಂಬಿಕೊಡಬೇಕು (ಅದೇ ಕಾಯ್ದೆಯ 211ನೇ ಕಲಂ), ಕೇಳಿದಾಗ ಲೆಕ್ಕ ಒಪ್ಪಿಸಬೇಕು (213). ಆದರೆ ‘ಬೇಡ ಎಂದಿದ್ದೆ’ ಅನ್ನುವುದಕ್ಕೆ ಸಾಕ್ಷಿ ಎಲ್ಲಿ? ಒಂದು ವಾಟ್ಸಾಪ್ ಸಂದೇಶವಾದರೂ ಇರಬೇಕಿತ್ತು.

ಕಾನೂನು ರೈಟರ ಬೆನ್ನಿಗೂ ನಿಂತಿದೆ. ಆ ಕಲಂಗಳನ್ನು ಧಣಿಗಳು ಓದುವುದೇ ಇಲ್ಲ. ಕಣದಲ್ಲಿ ಹರಡಿದ ಹೊರಸಿಪ್ಪೆ ತೆಗೆದ ಕಾಫಿ ಪಾರ್ಚ್‌ಮೆಂಟ್ ಮೇಲೆ ಅಕಾಲ ಮಳೆ ಬಂತು, ನಿಮ್ಮ ಫೋನ್ ಸಿಗಲಿಲ್ಲ. ಬಾಡಿಗೆಗೆ ಟಾರ್ಪಾಲು ತಂದು, ಹೆಚ್ಚು ಕೂಲಿ ಕೊಟ್ಟು ಉಳಿಸಿದರೆ ಅದು 189ನೇ ಕಲಂ ಒಪ್ಪುವ ಕೆಲಸ. ಖರ್ಚು ನಿಮ್ಮದು (222). ಅದೇ ನೀವು ‘ಆ ಬೀಟೆ ಮರ ಕಡಿಸಿಬಿಡು’ ಎಂದು ಫೋನಿನಲ್ಲಿ ಹೇಳಿ, ಅವರು ಅನುಮತಿಯಿಲ್ಲದೆ ಕಡಿಸಿದರೆ, ಅರಣ್ಯ ಇಲಾಖೆಯವರ ಕೈಗೆ ಮೊದಲು ಸಿಗುವುದು ಅವರೇ. ‘ನಾನು ನೋಡಿಕೊಳ್ಳುತ್ತೇನೆ’ ಎಂಬ ನಿಮ್ಮ ಭರವಸೆಗೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ: ಅಪರಾಧದ ಕೆಲಸಕ್ಕೆ ಧಣಿ ನಷ್ಟ ತುಂಬಿಕೊಡಬೇಕಾಗಿಲ್ಲ (224).

ಒಂದು ಹಾಳೆ ಸಾಕು. ಗೊಬ್ಬರ ಎಷ್ಟು ರೂಪಾಯಿವರೆಗೆ ಕೊಳ್ಳಬಹುದು, ಮೆಣಸು ಯಾರಿಗೆ ಮಾರಬೇಕು, ಸಾಲ ಎಷ್ಟು ದಿನ, ಕೂಲಿಯವರ ಹಾಜರಿ-ಸಂಬಳದ ಚೆಕ್‌ರೋಲಿಗೆ ಯಾರ ಸಹಿ ಎಂದು ಬರೆದು, ಇಬ್ಬರೂ ಸಹಿ ಹಾಕಿ, ವ್ಯಾಪಾರಿಗೂ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೂ ಪ್ರತಿ ಕೊಡಿ. ರೈಟರನ್ನು ಬಿಡಿಸಿದಾಗಲೂ ಅವರಿಬ್ಬರಿಗೂ ತಿಳಿಸಿ; ಅವರಿಗೆ ಗೊತ್ತಾಗುವವರೆಗೆ ಹಳೆಯ ಅಧಿಕಾರ ನಡೆಯುತ್ತದೆ (208).

ಕಾಗದ ಕೊಟ್ಟರೆ ತೋಟವನ್ನೇ ನುಂಗುತ್ತಾರೆಂಬ ಭಯ ಬೇಡ. ಉಸ್ತುವಾರಿಗಿದ್ದವನು ಎಷ್ಟು ವರ್ಷ ಇದ್ದರೂ ಆಸ್ತಿಯಲ್ಲಿ ಹಕ್ಕು ಬರದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟಪಡಿಸಿದೆ.

ನನ್ನ ಸಂಕಟ ಬೇರೆ. 1951ರ ತೋಟ ಕಾರ್ಮಿಕರ ಕಾಯ್ದೆ, ಆಡಳಿತ ವಹಿಸಿಕೊಂಡ ಮ್ಯಾನೇಜರನ್ನೇ ‘ಮಾಲೀಕ’ ಎಂದು ಎಣಿಸಿತು. ಕಾರ್ಮಿಕರ ಲೈನ್ ಮನೆ ಸೋರಿದರೆ ಇನ್‌ಸ್ಪೆಕ್ಟರ್ ಮುಂದೆ ಕೈಕಟ್ಟಿ ನಿಂತವರು ಅವರು. ಹೆಂಚಿಗೆ ದುಡ್ಡು ಕೊಡಬೇಕಾದವರು ಪಟ್ಟಣದಲ್ಲಿ. ಇಷ್ಟೆಲ್ಲ ಹೊರುವ ಎಷ್ಟೋ ಜನರಿಗೆ ನೇಮಕ ಪತ್ರವೂ ಇಲ್ಲ. ನಿಮ್ಮ ರೈಟರಿಗೆ ಕೊಟ್ಟಿದ್ದೀರಾ? ನನಗೆ ಬರೆದ ಪತ್ರದಲ್ಲಿ ಅದನ್ನು ಹೇಳಿಲ್ಲ.