ನವಜಾತ ಶಿಶುವಿಗೆ ಧನುರ್ವಾಯು ಬರದಂತೆ ತಡೆಯಲು ತಾಯಿಗೆ ಯಾಕೆ ಚುಚ್ಚುಮದ್ದು ಕೊಡುತ್ತಾರೆ?

ಮಗುವಿಗೆ ಬೇಕಾದ ರಕ್ಷಣೆ ಹುಟ್ಟುವ ಮೊದಲೇ ಸಿದ್ಧವಾಗಿರಬೇಕು, ಅದನ್ನು ತಾಯಿಯ ರಕ್ತವೇ ಕೊಡಬೇಕು. ಅದಕ್ಕೇ ಲಸಿಕೆ ತಾಯಿಗೆ. ಇದರ ಜೊತೆಗೆ ಹೊಕ್ಕುಳಬಳ್ಳಿಯನ್ನು ಶುದ್ಧವಾಗಿ ಕತ್ತರಿಸಿದರೆ ಧನುರ್ವಾಯುವನ್ನು ಬಹುಮಟ್ಟಿಗೆ ತಡೆದಂತೆಯೇ.

ಲಸಿಕೆ ಪಡೆದ ತಾಯಿಯ ದೇಹ ಪ್ರತಿಕಾಯಗಳನ್ನು, ಅಂದರೆ ಧನುರ್ವಾಯುವಿನ ಬ್ಯಾಕ್ಟೀರಿಯಾ ಬಿಡುವ ವಿಷವನ್ನು ಹಿಡಿದು ಕಟ್ಟಿಹಾಕುವ ಕಣಗಳನ್ನು, ತಯಾರಿಸುತ್ತದೆ. ಅವು ಮಾಸು ದಾಟಿ ಮಗುವಿನ ರಕ್ತ ಸೇರುತ್ತವೆ. ಮಗುವಿಗೇ ಲಸಿಕೆ ಹಾಕಬಹುದಲ್ವಾ ಅಂದರೆ, ಅದು ಶುರುವಾಗೋದು ಸುಮಾರು 6 ವಾರಕ್ಕೆ. ರೋಗ ಅಷ್ಟು ದಿನ ಕಾಯುವುದಿಲ್ಲ. ಮೊದಲ ಎರಡು ದಿನ ಚೆನ್ನಾಗಿ ಹಾಲು ಕುಡಿದ ಮಗು, ಮೂರನೇ ದಿನದಿಂದ 28ನೇ ದಿನದೊಳಗೆ ಒಮ್ಮೆಲೇ ಬಾಯಿ ಬಿಗಿದು ಚೀಪಲಾರದೆ ಹೋಗುತ್ತದೆ. ಆಮೇಲೆ ಸಣ್ಣ ಸದ್ದಿಗೂ ಮೈ ಸೆಟೆಯುತ್ತದೆ. ಹೀಗಾದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹಿಂದೆ ಲಸಿಕೆ ಪಡೆಯದ ಗರ್ಭಿಣಿಗೆ ಎರಡು ಡೋಸ್ ಬೇಕು. ನಡುವೆ ಕನಿಷ್ಠ 4 ವಾರ ಅಂತರವಿರಬೇಕು, ಎರಡನೆಯದು ಹೆರಿಗೆಗೆ ಕನಿಷ್ಠ 2 ವಾರ ಮೊದಲೇ ಮುಗಿದಿರಬೇಕು.

ಇನ್ನು ಹೊಕ್ಕುಳು. ಈ ಬ್ಯಾಕ್ಟೀರಿಯಾದ ಬೀಜಕಣಗಳು ಮಣ್ಣು, ಸಗಣಿ, ಧೂಳಿನಲ್ಲಿರುತ್ತವೆ. ಬಳ್ಳಿಯ ಸತ್ತ ತುಂಡಿನೊಳಗೆ ಆಮ್ಲಜನಕ ಕಡಿಮೆ, ಅವಕ್ಕೆ ಬೇಕಾದ್ದೂ ಅದೇ. ಹಾಗಾಗಿ ತೊಳೆದ ಕೈ, ಹೊಸ ಬ್ಲೇಡು, ಶುದ್ಧ ದಾರ. ಬೂದಿ, ಸಗಣಿ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ವೈದ್ಯರು ಔಷಧಿ ಬರೆದಿದ್ದರೆ ಅದನ್ನು ಹಚ್ಚಿ, ಇಲ್ಲದಿದ್ದರೆ ಸುಮ್ನೆ ಒಣಗಲು ಬಿಡಿ, ತಾನಾಗಿಯೇ ಉದುರುತ್ತದೆ.