ಗೋವಾದ ಹಡಗು ಯಾರ್ಡ್‌ನಲ್ಲಿ ಹಲ್ ವಿಭಾಗ ಸೇರಲೋ, ಮೆಷಿನರಿ ಸೇರಲೋ?

ಮೆಷಿನರಿ ಸೇರಿದರೆ ಹಡಗಿನ ಜೊತೆ ಹೊರದೇಶ ನೋಡಬಹುದು, ಹಲ್‌ನಲ್ಲಿ, ಅಂದರೆ ಹಡಗಿನ ಉಕ್ಕಿನ ಒಡಲು ಕಟ್ಟುವ ಕಡೆ, ಬರೀ ವೆಲ್ಡಿಂಗ್ ಹೊಗೆ ಕುಡಿಯಬೇಕು ಅಂತ ಬರೆದಿದ್ದೀರಿ. ಡಿಪ್ಲೊಮಾ ಮುಗಿಸಿ ಕಾರವಾರದಿಂದ ಹೊರಟಾಗ ನಾನೂ ಇದೇ ಲೆಕ್ಕ ಹಾಕಿದ್ದೆ. ಆ ಲೆಕ್ಕದಿಂದಲೇ ಒಂದು ಹಡಗು ಇಡೀ ಮಳೆಗಾಲ ಜೆಟ್ಟಿಯಲ್ಲಿ ಕಟ್ಟಿಬಿದ್ದಿತ್ತು.

ಜುವಾರಿ ನದಿ ದಂಡೆಯ ಒಂದು ಯಾರ್ಡ್. 50 ಮೀಟರಿನ ಗಸ್ತು ಹಡಗು. ಗೇರ್‌ಬಾಕ್ಸನ್ನೂ ಪ್ರೊಪೆಲರ್ ತಿರುಗಿಸುವ ಶಾಫ್ಟನ್ನೂ ಒಂದಕ್ಕೊಂದು ಹೊಂದಿಸುವ ಕೆಲಸ (ಅಲೈನ್‌ಮೆಂಟ್) ನನ್ನ ಪಾಲಿಗೆ ಬಂದಿತ್ತು. ಸ್ಲಿಪ್‌ವೇ (ಹಡಗು ಕಟ್ಟುವ ಇಳಿಜಾರು ಕಟ್ಟೆ) ಮೇಲೆ ತೆಗೆದ ಅಳತೆ ಕೊನೆಯದಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಅಲ್ಲಿ ಹಡಗು ದಿಮ್ಮಿಗಳ ಮೇಲೆ ಕೂತಿರುತ್ತದೆ. ನೀರಿಗಿಳಿದ ಮೇಲೆ ತಳಕ್ಕೆಲ್ಲ ನೀರಿನ ಒತ್ತಡ ಸಿಕ್ಕು ಅದರ ಆಕಾರವೇ ತುಸು ಬದಲಾಗುತ್ತದೆ. ಅದಕ್ಕೇ ನೀರಿಗಿಳಿಸಿ, ಭಾರದ ಯಂತ್ರಗಳನ್ನೆಲ್ಲ ಕೂರಿಸಿ, ಡೀಸೆಲ್ ಮತ್ತು ಸಿಹಿನೀರಿನ ಟ್ಯಾಂಕ್ ತುಂಬಿಸಿ, ಎರಡು ದಿನ ಬಿಟ್ಟು ಅಳೆಯಬೇಕು. ಅಷ್ಟನ್ನೂ ಮಾಡಿದ್ದೆ.

ಬೋಲ್ಟ್ ಬಿಚ್ಚಿದಾಗ ಶಾಫ್ಟಿನ ತುದಿಯ ಫ್ಲಾಂಜ್ (ಗೇರ್‌ಬಾಕ್ಸಿಗೆ ಜೋಡಿಸುವ ದುಂಡು ತಟ್ಟೆ) ತನ್ನ ಭಾರಕ್ಕೆ ತಾನೇ ಸ್ವಲ್ಪ ಜೋತುಬೀಳುತ್ತದೆ. ಹಾಗಾಗಿ ಗೇರ್‌ಬಾಕ್ಸ್ ಫ್ಲಾಂಜನ್ನು ಅದಕ್ಕೆ ಸರಿಸಮ ತಂದು ಕೂರಿಸುವುದಲ್ಲ. ಎಷ್ಟು ಮೇಲೆ ಕೆಳಗೆ ಇರಬೇಕು, ಕೆಳಬದಿಯಲ್ಲಿ ಎಷ್ಟು ಸಂದು ಬಿಡಬೇಕು ಅಂತ ಡಿಸೈನ್ ಆಫೀಸು ಲೆಕ್ಕ ಹಾಕಿ ಕೊಡುತ್ತದೆ. ನಮಗೆ ಕೊಟ್ಟಿದ್ದು ಸ್ಯಾಗ್ (ಮೇಲೆ ಕೆಳಗಿನ ಅಂತರ) 0.35 ಮಿ.ಮೀ., ಕೆಳಗಿನ ಗ್ಯಾಪ್ (ಸಂದು) 0.20, ಹೆಚ್ಚುಕಡಿಮೆ 0.05. ಸ್ಯಾಗ್‌ಗೆ ಡಯಲ್ ಗೇಜ್, ಗ್ಯಾಪ್‌ಗೆ ಸಂದಿಗೆ ತೂರಿಸಿ ಅಳೆಯುವ ತೆಳು ತಗಡುಗಳ ಫೀಲರ್ ಗೇಜ್. ಎರಡೂ ಫ್ಲಾಂಜನ್ನು ಒಟ್ಟಿಗೇ ತಿರುಗಿಸಿ ನಾಲ್ಕು ಕಡೆ ಓದಬೇಕು. ಡಯಲ್‌ನಲ್ಲಿ ಮೇಲಿನ ಮತ್ತು ಕೆಳಗಿನ ಓದಿನ ನಡುವಿನ ವ್ಯತ್ಯಾಸದ ಅರ್ಧವೇ ನಿಜವಾದ ಸ್ಯಾಗ್. ಹೊಸಬರು ಇಡೀ ವ್ಯತ್ಯಾಸವನ್ನೇ ಬರೆದುಬಿಡುತ್ತಾರೆ.

ಹಿಂದಿನ ಮಧ್ಯಾಹ್ನ ಜಾಕಿಂಗ್ ಸ್ಕ್ರೂ ತಿರುಗಿಸಿ ಗೇರ್‌ಬಾಕ್ಸನ್ನು ಮಟ್ಟಕ್ಕೆ ತಂದಿದ್ದೆ. ಮರುದಿನ ಬೆಳಿಗ್ಗೆ 6ಕ್ಕೆ ನೋಡಿದರೆ ಗ್ಯಾಪ್ 0.32. ಮಧ್ಯಾಹ್ನ 3ಕ್ಕೆ ಮತ್ತೆ ಹಾಕಿದೆ, 0.21. ಕಾಗದಕ್ಕೆ ಹೊಂದಿತು. ಬೆಳಗಿನದು ಅರೆಬೆಳಕಿನಲ್ಲಿ ತಪ್ಪು ಓದಿದ್ದು ಅಂದುಕೊಂಡು ಹೊಡೆದುಹಾಕಿ, ಮಧ್ಯಾಹ್ನದ್ದಕ್ಕೆ ಸಹಿ ಮಾಡಿದೆ.

ಬೆಳಗಿನದೇ ಸರಿಯಾಗಿತ್ತು. ಮೇ ತಿಂಗಳ ಬಿಸಿಲಲ್ಲಿ ಡೆಕ್ಕಿನ ಉಕ್ಕು ಸುಲಭವಾಗಿ 56–57 ಡಿಗ್ರಿ ಮುಟ್ಟುತ್ತದೆ, ನೀರಲ್ಲಿ ಮುಳುಗಿದ ತಳ 28–29ರಲ್ಲೇ ಇರುತ್ತದೆ. ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 0.0115 ಮಿ.ಮೀ. ಹಿಗ್ಗುತ್ತದೆ. 50 ಮೀಟರ್, 28 ಡಿಗ್ರಿ ವ್ಯತ್ಯಾಸ ಅಂದರೆ ಡೆಕ್ಕು ತಳಕ್ಕಿಂತ 16 ಮಿ.ಮೀ. ಉದ್ದವಾಗಲು ನೋಡುತ್ತದೆ. ತಳ ಬಿಡುವುದಿಲ್ಲ. ಆಗ ಹಡಗಿನ ನಡು ಉಬ್ಬಿ ಎರಡೂ ತುದಿ ಬಾಗುತ್ತವೆ, ಜೊತೆಗೆ ಶಾಫ್ಟಿನ ಬೇರಿಂಗ್‌ಗಳೂ ಜಾಗ ಬಿಡುತ್ತವೆ. ಡಿಸೈನ್ ಆಫೀಸಿನ ಲೆಕ್ಕ ಇರುವುದು ಎಲ್ಲ ಕಡೆ ಒಂದೇ ಉಷ್ಣತೆಯಲ್ಲಿರುವ ಹಲ್‌ಗೆ. ಓಡುವಾಗ ಗೇರ್‌ಬಾಕ್ಸ್ ಕಾದು ಮೇಲೇಳುವುದನ್ನೂ (700 ಮಿ.ಮೀ. ಎತ್ತರ 35 ಡಿಗ್ರಿ ಕಾದರೆ ಸುಮಾರು 0.28) ಅವರು ಆಗಲೇ ಸೇರಿಸಿರುತ್ತಾರೆ. ನಾನು ಬಿಸಿಲಿನ ಬಾಗನ್ನು ಅದರ ಮೇಲೆ ಇನ್ನೊಮ್ಮೆ ಹೇರಿದೆ. ಹಲ್ ವಿಭಾಗದಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಬ್ಲಾಕ್ (ಹಡಗಿನ ಒಡಲಿನ ದೊಡ್ಡ ತುಂಡು) ಜೋಡಿಸುವ ಅಳತೆಯನ್ನು ಅವರು ಸೂರ್ಯ ಹುಟ್ಟುವ ಮೊದಲೇ ತೆಗೆಯುತ್ತಾರೆ. ಡೆಕ್ಕು ಅವರದು, ಶಾಫ್ಟು ನನ್ನದು ಅಂತ ನಾನು ಕೇಳಲೇ ಇಲ್ಲ.

ಆಮೇಲೆ ಗೇರ್‌ಬಾಕ್ಸನ್ನು ಅದೇ ಜಾಗದಲ್ಲಿ ಹಿಡಿದಿಡುವ ಅಡಿಯ ಆಸರೆಗಾಗಿ (ಚಾಕ್) ರೆಸಿನ್ ಸುರಿದೆವು. ಗೇರ್‌ಬಾಕ್ಸ್ ಕಾಲಿನ ಅಡಿಗೆ ರೆಸಿನ್ ಅಂಟದಂತೆ ದ್ರಾವಣ ಹೊಡೆದು, ಸುತ್ತ ಸ್ಪಂಜಿನ ಕಟ್ಟೆ ಕಟ್ಟಿ, ಒಂದೇ ಬದಿಯಿಂದ ಸುರಿಯಬೇಕು, ಇಲ್ಲವಾದರೆ ಗಾಳಿ ಸಿಕ್ಕಿಕೊಂಡು ಪೊಳ್ಳಾಗುತ್ತದೆ. ಗಟ್ಟಿಯಾಗುವವರೆಗೆ ಹತ್ತಿರದಲ್ಲಿ ವೆಲ್ಡಿಂಗ್ ಇಲ್ಲ, ಭಾರ ಸರಿಸುವುದಿಲ್ಲ. ಕೆಲಸ ಚೊಕ್ಕವಾಗಿಯೇ ಆಯಿತು. ತಪ್ಪು ಜಾಗದಲ್ಲಿ.

ಸೀ ಟ್ರಯಲ್‌ನಲ್ಲಿ ಪೂರ್ತಿ ವೇಗಕ್ಕೆ ಹೋಗಿ 40 ನಿಮಿಷ ಆಗಿತ್ತು. ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ 62 ಡಿಗ್ರಿ, ಹಿಂದಿನದು 84. ಆಯಿಲ್ ಫಿಲ್ಟರ್ ಬಿಚ್ಚಿದರೆ ಬೇರಿಂಗಿನ ಒಳಮೈಯ ಮೆದು ಲೋಹದ (ವೈಟ್‌ಮೆಟಲ್) ಮಿನುಗುವ ಚೂರು. ಚಾಕ್ ಒಡೆಯಲು 9 ದಿನ. ಬೇರಿಂಗ್ ಬದಲಿಸಿ, ಎರಡು ಬೆಳಗಿನ ಜಾವ ಅಳೆದು ಮತ್ತೆ ಸುರಿಯುವ ಹೊತ್ತಿಗೆ ಜೂನ್ ಎರಡನೇ ವಾರ, ಮಳೆ ಹಿಡಿದಿತ್ತು. ವೇಗದ ಟ್ರಯಲ್‌ಗೆ ಸಮುದ್ರ ಶಾಂತವಾಗಿರಬೇಕು. ಸೆಪ್ಟೆಂಬರ್ ತನಕ ಕಾದೆವು.

ಇನ್ನು ಹೊರದೇಶದ ಮಾತು. ಗೋವಾದಲ್ಲಿ ಕಟ್ಟಿದ ಗಸ್ತು ಹಡಗುಗಳು ಎಲ್ಲೆಲ್ಲಿ ದುಡಿದಿವೆ ನೋಡಿ: 2015ರಲ್ಲಿ ಯುದ್ಧದ ನಡುವೆ ಯೆಮೆನ್‌ನ ಏಡನ್‌ನಿಂದ ನಮ್ಮವರನ್ನು ಜಿಬೂಟಿಗೆ ಕರೆತಂದದ್ದು ಸುಮಿತ್ರಾ. 2023ರ ಏಪ್ರಿಲ್‌ನಲ್ಲಿ ಪೋರ್ಟ್ ಸುಡಾನ್‌ನಿಂದ 278 ಜನರನ್ನು ಜೆದ್ದಾಕ್ಕೆ ಸಾಗಿಸಿದ್ದು ಸುಮೇಧಾ. 2025ರ ಏಪ್ರಿಲ್‌ನಲ್ಲಿ ನಿಮ್ಮೂರು ಕಾರವಾರದಿಂದಲೇ, 9 ದೇಶಗಳ 44 ನೌಕಾ ಸಿಬ್ಬಂದಿಯನ್ನು ಹತ್ತಿಸಿಕೊಂಡು ಆಫ್ರಿಕಾದ ಪೂರ್ವ ಕರಾವಳಿಯತ್ತ ಹೊರಟದ್ದು ಸುನಯನಾ. ಅಂಥ ಕಡೆ ಬೇರಿಂಗ್ ಕಾದರೆ ಯಾರ್ಡಿಗೆ ಫೋನ್ ಮಾಡಿ ಕಾಯುವುದಕ್ಕಾಗುವುದಿಲ್ಲ. ವೇಗ ಇಳಿಸುವುದೊಂದೇ ದಾರಿ, ಆ ವೇಗಕ್ಕಾಗಿಯೇ ದಡದಲ್ಲಿ ಜನ ಕಾಯುತ್ತಿರುತ್ತಾರೆ. ಅದೂ ಅಲ್ಲದೆ ಯಂತ್ರಗಳ ಲೆಕ್ಕವನ್ನು ಸಾಮಾನ್ಯವಾಗಿ ಸಮುದ್ರದ ನೀರು 32 ಡಿಗ್ರಿ, ಎಂಜಿನ್ ರೂಮಿನ ಗಾಳಿ 45 ಡಿಗ್ರಿ ಅಂತ ಹಿಡಿದು ಮಾಡುತ್ತಾರೆ. ಬೇಸಿಗೆಯ ಕೆಂಪು ಸಮುದ್ರದ ದಕ್ಷಿಣ ಭಾಗದಲ್ಲಿ ಆ 32 ದಾಟಿಬಿಡುತ್ತದೆ. ನಮ್ಮ ಅಲೈನ್‌ಮೆಂಟ್ ತಪ್ಪು ನುಂಗಿಕೊಳ್ಳಲು ಅಲ್ಲಿ ಜಾಗವೇ ಇರುವುದಿಲ್ಲ. ಗ್ಯಾರಂಟಿ ಅವಧಿಯಲ್ಲಿ ಯಾರ್ಡಿನ ಪರವಾಗಿ ಹಡಗಿನ ಜೊತೆ ಹೋಗುವ ಗ್ಯಾರಂಟಿ ಎಂಜಿನಿಯರ್ ಊರು ನೋಡುವುದು ಕಡಿಮೆ, ಬಿಲ್ಜ್ (ತಳದಲ್ಲಿ ಕೊಳೆನೀರು ನಿಲ್ಲುವ ಜಾಗ) ನೋಡುವುದು ಜಾಸ್ತಿ.

ಆದ್ದರಿಂದ ಹಲ್ ವಿಭಾಗವೋ ಮೆಷಿನರಿಯೋ ಅನ್ನುವ ಪ್ರಶ್ನೆಯನ್ನೇ ಬಿಡಿ. ಮೊದಲ ಒಂದು ವರ್ಷ ಹಲ್ ಕೊಡಿ ಅಂತ ನೀವೇ ಕೇಳಿ ತೆಗೆದುಕೊಳ್ಳಿ, ಆಮೇಲೆ ಮೆಷಿನರಿಗೆ ಬನ್ನಿ. ಸಂಬಳದ ವ್ಯತ್ಯಾಸ ಮೊದಲ ವರ್ಷ ಲೆಕ್ಕಕ್ಕಿಲ್ಲ. 0.01 ಮಿ.ಮೀ. ಓದುವ ಡಯಲ್ ಗೇಜ್ ಒಂದನ್ನು ಸ್ವಂತಕ್ಕೆ ಕೊಳ್ಳಿ. ಪ್ರತಿ ಅಳತೆಯ ಪಕ್ಕ ಐದು ವಿಷಯ ಬರೆಯಿರಿ: ಹೊತ್ತು, ಡೆಕ್ಕಿನ ಉಷ್ಣತೆ, ನೀರಿನ ಉಷ್ಣತೆ, ಮುಂದೆ ಹಿಂದೆ ಹಡಗು ಎಷ್ಟು ಮುಳುಗಿದೆ, ಟ್ಯಾಂಕ್‌ಗಳಲ್ಲಿ ಎಷ್ಟಿದೆ. ಎರಡು ಅಳತೆ ಜಗಳವಾಡಿದರೆ ಯಾವುದನ್ನೂ ಹೊಡೆದುಹಾಕಬೇಡಿ. ಮರುದಿನ ಸೂರ್ಯ ಹುಟ್ಟುವ ಮೊದಲು ಮೂರನೆಯದು ತೆಗೆಯಿರಿ. ಅಲ್ಲಿಯವರೆಗೆ ರೆಸಿನ್ ಡಬ್ಬಿಯ ಮುಚ್ಚಳ ತೆಗೆಯಲು ಯಾರಿಗೂ ಬಿಡಬೇಡಿ.