ದಂಡವಿಲ್ಲದ ಕರಾರು, ಟನ್ನಿನ ಲೆಕ್ಕ

ಗ್ರಾಹಕ ಕಂಪನಿ ಕಳಿಸಿದ ಸ್ವಯಂಪ್ರೇರಿತ ವಿದ್ಯುತ್ ಉಳಿತಾಯದ ಕರಾರಿನಲ್ಲಿ ದಂಡದ ಮಾತೇ ಇಲ್ಲ, ಸಹಿ ಹಾಕಿದರೆ ಕಳೆದುಕೊಳ್ಳುವುದೇನು ಎಂದು ಕೇಳಿದ್ದೀರಿ. ಪುಣೆಯ ಭೋಸರಿಯಲ್ಲಿ ನಮ್ಮ ಫೌಂಡ್ರಿಯ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯ) ಮಾಲೀಕರಿಗೆ ಇದನ್ನೇ ಹೇಳಿ ಸಹಿ ಹಾಕಿಸಿದವನು ನಾನು.

ಗುರಿ ಒಂದೇ ಸಾಲು: ಟನ್ ಎರಕಕ್ಕೆ 1000 ಯೂನಿಟ್ ಇದ್ದದ್ದು 920ಕ್ಕೆ ಇಳಿಯಬೇಕು. ಗುರುವಾರ ರಜೆಯ ದಿನ ಮೆಷಿನುಗಳಿಗೆ ಒತ್ತಿದ ಗಾಳಿ ಕೊಡುವ ಕಂಪ್ರೆಸರ್ ಒಂದನ್ನೇ ಓಡಿಸಿ ಗಡಿಯಾರ ಹಿಡಿದೆವು. 3 ನಿಮಿಷ ಲೋಡ್ (ಗಾಳಿ ತುಂಬುತ್ತದೆ), 7 ನಿಮಿಷ ಅನ್‌ಲೋಡ್ (ತುಂಬದೆ ಸುಮ್ಮನೆ ತಿರುಗುತ್ತದೆ). ಒಂದು ಮೆಷಿನೂ ಓಡದಾಗ ಹೀಗಿದ್ದರೆ ಕಂಪ್ರೆಸರ್ ಸಾಮರ್ಥ್ಯದ ಶೇ. 30 ಸೋರಿಕೆಗೇ ಹೋಗುತ್ತಿದೆ ಎಂದರ್ಥ. ಹೋಸ್ ಕ್ಲಾಂಪು, ಕಪ್ಲರ್ ಬದಲಿಸಿ ಗಾಳಿಯ ಒತ್ತಡವನ್ನು 7.5ರಿಂದ 6.5 ಬಾರ್‌ಗೆ ಇಳಿಸಿದೆವು. ಫರ್ನೇಸಿಗೆ ಮುಚ್ಚಳ ಬಂತು. ಲ್ಯಾಬ್ ರಿಪೋರ್ಟಿಗಾಗಿ ಕರಗಿದ ಲೋಹ ಸುಮ್ಮನೆ ಕಾಯುವ ಹೊತ್ತು ಕಡಿಮೆಯಾಯಿತು.

ಅಷ್ಟರಲ್ಲಿ ಆರ್ಡರ್ ತಿಂಗಳಿಗೆ 400 ಟನ್ನಿನಿಂದ 250ಕ್ಕೆ ಕುಸಿಯಿತು. ವರದಿಯಲ್ಲಿ ಬಂದ ಅಂಕಿ 1060!

ಎಡವಿದ್ದು ಇಲ್ಲಿ. ಉತ್ಪಾದನೆ ಎಷ್ಟೇ ಇರಲಿ, ಕೂಲಿಂಗ್ ಪಂಪು, ಡಸ್ಟ್ ಕಲೆಕ್ಟರು, ದೀಪ, ಕಂಪ್ರೆಸರ್ ಸೇರಿ ನಮಗೆ ತಿಂಗಳಿಗೆ 1,20,000 ಯೂನಿಟ್ ಬೇಕೇ ಬೇಕು. ಅದರ ಮೇಲೆ ಟನ್ನಿಗೆ 700. 400 ಟನ್ನಿಗೆ ಸರಾಸರಿ 1000 ಬಂದರೆ, ಏನೂ ಸುಧಾರಿಸದೆ 250 ಟನ್ನಿಗೆ 1180 ಆಗುತ್ತದೆ. ನಾವು ಸ್ಥಿರ ಬಳಕೆಯನ್ನು 1,00,000ಕ್ಕೂ ಟನ್ನಿನದನ್ನು 660ಕ್ಕೂ ಇಳಿಸಿದ್ದೆವು. 2,95,000 ಆಗಬೇಕಿದ್ದ ಬಳಕೆ 2,65,000ಕ್ಕೆ ಬಂದಿತ್ತು, ಅಂದರೆ ಶೇ. 10ರ ಉಳಿತಾಯ. ಅದೇ ಕೆಲಸಕ್ಕೆ 400 ಟನ್ ಇದ್ದಿದ್ದರೆ 910 ಬಂದು ಗುರಿ ದಾಟುತ್ತಿದ್ದೆವು. ಕರಾರಿನ ಪ್ರಕಾರ ಮಾತ್ರ ನಾವು ಫೇಲ್. ದಂಡ ಹಾಕಲಿಲ್ಲ ನಿಜ. ಸಪ್ಲೈಯರ್ ರೇಟಿಂಗ್ ಇಳಿಯಿತು, ಹೊಸ ಪಾರ್ಟಿನ ಆರ್ಡರ್ ಬೇರೆಯವರ ಪಾಲಾಯಿತು.

ಆದ್ದರಿಂದ ‘ದಂಡವಿಲ್ಲ’ ಎಂಬ ನಿಮ್ಮ ಲೆಕ್ಕವೇ ತಪ್ಪು. ಹನ್ನೆರಡು ತಿಂಗಳ ಬಿಲ್ಲಿನ ಯೂನಿಟ್ಟನ್ನೂ ಟನ್ನನ್ನೂ ಎಕ್ಸೆಲ್‌ನಲ್ಲಿ ಚುಕ್ಕಿಗಳಾಗಿ ಹಾಕಿ ಗೆರೆ ಎಳೆಯಿರಿ. ಸೊನ್ನೆ ಟನ್ನಿನಲ್ಲಿ ಗೆರೆ ಎಲ್ಲಿ ಮುಟ್ಟುತ್ತದೋ ಅದು ಸ್ಥಿರ ಬಳಕೆ. ಕರಾರಿನಲ್ಲಿ ‘ಸ್ಥಿರ ಬಳಕೆ, ಅದರ ಮೇಲೆ ಟನ್ನಿಗೆ ಇಷ್ಟು’ ಎಂಬ ಸೂತ್ರ ಬರೆಸಿ, ಒಂಟಿ ಅಂಕಿ ಬೇಡ. ಟನ್ ಎಂದರೆ ಕರಗಿಸಿದ್ದೋ, ರಿಜೆಕ್ಷನ್ ಕಳೆದು ಕಳಿಸಿದ್ದೋ ಬರೆಸಿ. ಫರ್ನೇಸಿಗೆ ಪ್ರತ್ಯೇಕ ಮೀಟರ್ ಇಲ್ಲದಿದ್ದರೆ ಮೊದಲು ಅದನ್ನು ಕೂರಿಸಿ, ಆಮೇಲೆ ಗುರಿಯ ಮಾತು.

ಇನ್ನೊಂದು. ಬ್ರಿಟನ್ನಿನಲ್ಲಿ 2001ರಲ್ಲಿ ಇಂಥ ಒಪ್ಪಂದ ಬಂದಾಗ ಗುರಿ ಮುಟ್ಟುವವರಿಗೆ ಇಂಧನದ ಮೇಲಿನ ಲೆವಿಯಲ್ಲಿ (ತೆರಿಗೆಯಲ್ಲಿ) ಶೇ. 80ರವರೆಗೆ ರಿಯಾಯಿತಿ ಇತ್ತು. ಡೆನ್ಮಾರ್ಕಿನಲ್ಲೂ ಇಂಥ ಒಪ್ಪಂದಕ್ಕೆ ತೆರಿಗೆ ರಿಯಾಯಿತಿಯೇ ಆಕರ್ಷಣೆಯಾಗಿತ್ತು. ನಿಮ್ಮ ಗ್ರಾಹಕರು ಏನು ಕೊಡುತ್ತಾರೆ? ಎನರ್ಜಿ ಆಡಿಟ್ಟಿನ ಖರ್ಚನ್ನೋ, ಬಿಲ್ಲಿಗೆ ಬೇಗ ಹಣವನ್ನೋ ಕೇಳಿ. ಕೊಡದಿದ್ದರೆ ಕಾಗದ ವಾಪಸ್ ಕಳಿಸಿ. ಸೋರಿಕೆ ಪರೀಕ್ಷೆಯನ್ನಂತೂ ಈ ರಜೆಯ ದಿನವೇ ಮಾಡಿ, ಅದಕ್ಕೆ ಯಾರ ಸಹಿಯೂ ಬೇಡ.